ಆಯ, ಮುಯ್ಯಿ, ದಾನ: ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯದ ನಿರ್ವಹಣೆ – ಒಂದು ಜಾನಪದೀಯ ವಿವೇಚನೆ

ಜಾನಪದ ಅಧ್ಯಯನಕ್ಕೂ ಸಾರ್ವಜನಿಕ ಗ್ರಂಥಾಲಯಕ್ಕೂ ಇರುವ ಸಂಬಂಧವನ್ನು ಸಾಮಾನ್ಯವಾಗಿ ಆಕರದ ನೆಲೆಯಲ್ಲಿ ಮಾತ್ರ ಗುರುತಿಸಲಾಗುತ್ತದೆ. ಸಂಶೋಧಕನು ಕ್ಷೇತ್ರದಿಂದ ಸಂಗ್ರಹಿಸುತ್ತಾನೆ, ಗ್ರಂಥಾಲಯವು ಅದರ ಮುದ್ರಿತ ರೂಪವನ್ನು ಕಾಪಿಡುತ್ತದೆ ಎಂಬುದು ರೂಢಿಯ ತಿಳಿವಳಿಕೆ. ಆದರೆ ಗ್ರಂಥಾಲಯವೂ ಒಂದು ಊರಿನ ಸಂಸ್ಥೆಯೇ. ಗುಡಿ, ಕೆರೆ, ಗರಡಿಮನೆ, ಭಜನೆಮನೆಗಳಂತೆ ಅದನ್ನೂ ಯಾರೋ ಕಟ್ಟುತ್ತಾರೆ, ಯಾರೋ ಕಾಯುತ್ತಾರೆ, ಯಾರದೋ ದುಡ್ಡಿನಿಂದ ಅದು ಉಸಿರಾಡುತ್ತದೆ. ಊರಿನ ಸಂಸ್ಥೆಗಳು ಯಾವ ಬಗೆಯ ಕೊಡುಗೆಯಿಂದ ಬಾಳುತ್ತವೆ, ಯಾವುದರ ಕೊರತೆಯಿಂದ ಅಳಿಯುತ್ತವೆ ಎಂಬ ಪ್ರಶ್ನೆ ಜಾನಪದ ವಿದ್ವಾಂಸರಿಗೆ ಹೊಸತಲ್ಲ. ಅದೇ ಪ್ರಶ್ನೆಯನ್ನು ತಾಲ್ಲೂಕು ಕೇಂದ್ರಗಳ ಹಾಗೂ ಸಣ್ಣ ಪಟ್ಟಣಗಳ ಸಾರ್ವಜನಿಕ ಗ್ರಂಥಾಲಯಗಳಿಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅನುದಾನ ಕುಗ್ಗಿದಾಗ ಸಣ್ಣ ಗ್ರಂಥಾಲಯದಲ್ಲಿ ಏನು ನಡೆಯುತ್ತದೆ, ಅದನ್ನು ನಡೆಸಿಕೊಂಡು ಹೋಗಲು ಸಮುದಾಯವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕಾಯ್ದೆಯೂ ಹಣದ ಮೂಲವೂ

ಏಕೀಕರಣದ ಕಾಲಕ್ಕೆ ಕನ್ನಡ ನಾಡಿನ ಬೇರೆ ಬೇರೆ ಭಾಗಗಳು ಗ್ರಂಥಾಲಯದ ಬಗ್ಗೆ ಬೇರೆ ಬೇರೆ ವ್ಯವಸ್ಥೆಗಳನ್ನು ಹೊತ್ತು ಬಂದವು. ಮದರಾಸು ಪ್ರಾಂತ್ಯದಲ್ಲಿ 1948ರ ಗ್ರಂಥಾಲಯ ಕಾಯ್ದೆಯಿತ್ತು. ಹೈದರಾಬಾದು ಸಂಸ್ಥಾನದ ಭಾಗದಲ್ಲಿ 1955ರ ಕಾಯ್ದೆಯಿತ್ತು. ಮುಂಬಯಿ ಕರ್ನಾಟಕದಲ್ಲಿ ಚಂದಾದಾರರ ವಾಚನಾಲಯಗಳ ಪರಂಪರೆಯಿತ್ತು. ಹಳೆಯ ಮೈಸೂರಿನಲ್ಲಿ ಅರಸೊತ್ತಿಗೆಯ ಪ್ರೋತ್ಸಾಹದ ಸಾರ್ವಜನಿಕ ಪುಸ್ತಕಾಲಯಗಳಿದ್ದವು. ಈ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತಂದದ್ದು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ. 1966ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು; ಅದೇ ವರ್ಷದ ನವೆಂಬರ್ 1ರಂದು ಗ್ರಂಥಾಲಯ ಇಲಾಖೆ ರೂಪುಗೊಂಡಿತು. ಗ್ರಂಥಾಲಯ ಸೇವೆಯು ದಾನಿಗಳ ಮರ್ಜಿಗೆ ಬಿಟ್ಟ ಸಂಗತಿಯಾಗಬಾರದು, ಕಾಯ್ದೆಯ ಮೂಲಕ ನೆಲೆಗೊಂಡ ಹಕ್ಕಾಗಬೇಕು ಎಂದು ಜೀವಮಾನವಿಡೀ ವಾದಿಸಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು.

ಈ ಕಾಯ್ದೆಯ ಜೀವಾಳವೆಂದರೆ ಗ್ರಂಥಾಲಯ ಕರ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಕೆಲವು ತೆರಿಗೆಗಳ ಮೇಲೆ ಅಧಿಭಾರದ ರೂಪದಲ್ಲಿ ಇದನ್ನು ವಿಧಿಸಲಾಯಿತು. ಆರಂಭದಲ್ಲಿ ರೂಪಾಯಿಗೆ 3 ಪೈಸೆಯಷ್ಟಿದ್ದ ದರ ಮುಂದೆ 6 ಪೈಸೆಗೆ ಏರಿತು. ಮನೆಯೊಂದಕ್ಕೆ ವರ್ಷಕ್ಕೆ 1000 ರೂಪಾಯಿ ತೆರಿಗೆಯಿದ್ದರೆ ಅದರ ಜೊತೆಗೆ 60 ರೂಪಾಯಿ ಗ್ರಂಥಾಲಯಕ್ಕೆ ಸಲ್ಲಬೇಕು. ಇದರೊಡನೆ ಜಿಲ್ಲೆಯ ಭೂಕಂದಾಯದ ಶೇಕಡ 3ರಷ್ಟು ಮೊತ್ತವನ್ನು ಸರ್ಕಾರ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕೆಂಬ ಏರ್ಪಾಡೂ ಇದೆ.

ಈ ವ್ಯವಸ್ಥೆಯ ಒಳಗೇ ಸಣ್ಣ ಊರಿನ ಬಡತನದ ಕಾರಣಗಳು ಅಡಗಿವೆ. ಮೊದಲನೆಯದಾಗಿ, ಕರದ ಆಧಾರಗಳೇ ಕಿರಿದಾಗುತ್ತ ಬಂದವು. ಸರಕುಗಳ ಮೇಲಿನ ಸುಂಕವು, ಅಂದರೆ ಆಕ್ಟ್ರಾಯ್, 1979ರಲ್ಲಿ ರದ್ದಾಯಿತು. ವೃತ್ತಿ ತೆರಿಗೆಯನ್ನು 1976ರ ಕಾಯ್ದೆಯ ಅನ್ವಯ ರಾಜ್ಯ ಸರ್ಕಾರವೇ ವಸೂಲು ಮಾಡುತ್ತದೆ. ಹೀಗಾಗಿ ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆಯೇ ಮುಖ್ಯ ಆಧಾರವಾಗಿ ಉಳಿಯಿತು. ಮಹಾನಗರಗಳಲ್ಲಿ ಕಟ್ಟಡಗಳು ಹೆಚ್ಚಿದಂತೆ ಈ ಆದಾಯ ತಾನೇ ಬೆಳೆಯುತ್ತದೆ. ಹೆಂಚಿನ ಮನೆಗಳ, ಸಣ್ಣ ಅಂಗಡಿಗಳ ಊರಿನಲ್ಲಿ ಅದು ಬೆಳೆಯುವುದಿಲ್ಲ. ಎರಡನೆಯದಾಗಿ, ಭೂಕಂದಾಯವು ಒಂದು ಕಾಲಕ್ಕೆ ಸರ್ಕಾರದ ದೊಡ್ಡ ವರಮಾನವಾಗಿತ್ತು. ಇಂದು ಅದು ಅತ್ಯಲ್ಪ. ಅದಕ್ಕೆ ಕಟ್ಟಿಹಾಕಿದ ಅನುದಾನವೂ ಅದರೊಡನೆಯೇ ಸೊರಗಿತು. ಮೂರನೆಯದಾಗಿ, ಕರವನ್ನು ವಸೂಲು ಮಾಡುವವರು ಒಬ್ಬರು, ಬಳಸುವವರು ಮತ್ತೊಬ್ಬರು. ಪುರಸಭೆಯ ಖಜಾನೆಗೆ ಬಂದ ಗ್ರಂಥಾಲಯ ಕರವು ಗ್ರಂಥಾಲಯದ ಖಾತೆಯನ್ನು ತಲುಪುವ ದಾರಿಯಲ್ಲಿ ಬೀದಿದೀಪ, ನೀರು, ಸಂಬಳಗಳ ತುರ್ತು ಎದುರಾಗುತ್ತದೆ. ಊರಿಗೆ ಹತ್ತಿರದ ತುರ್ತುಗಳ ನಡುವೆ ಪುಸ್ತಕ ಯಾವಾಗಲೂ ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ.

2. ಗ್ರಂಥಾಲಯ ಸೊರಗುವ ಕ್ರಮ

ಅನುದಾನದ ಕಡಿತವೆಂಬುದು ಒಂದೇ ಏಟಿಗೆ ಬೀಳುವ ಕೊಡಲಿಯಲ್ಲ. ಸಣ್ಣ ಗ್ರಂಥಾಲಯಗಳನ್ನು ಹಲವು ವರ್ಷ ಗಮನಿಸಿದವರಿಗೆ ಅದರ ಒಂದು ಕ್ರಮ ಗೋಚರಿಸುತ್ತದೆ. ಮೊದಲು ನಿಲ್ಲುವುದು ನಿಯತಕಾಲಿಕೆಗಳು. ಎರಡು ವಾರಪತ್ರಿಕೆ, ಒಂದು ಮಾಸಪತ್ರಿಕೆ ಕಡಿಮೆಯಾದರೆ ಯಾರೂ ದೂರು ಕೊಡುವುದಿಲ್ಲ. ಆದರೆ ಅವುಗಳಿಗಾಗಿ ಬರುತ್ತಿದ್ದ ಓದುಗರು ಬರುವುದನ್ನು ನಿಲ್ಲಿಸುತ್ತಾರೆ. ಬಳಿಕ ರಟ್ಟು ಕಟ್ಟಿಸುವ ಕೆಲಸ ನಿಲ್ಲುತ್ತದೆ. ರಟ್ಟಿಲ್ಲದ ಪುಸ್ತಕ ಹತ್ತಾರು ಕೈ ದಾಟುವುದರೊಳಗೆ ಹಾಳೆ ಹಾಳೆಯಾಗಿ, 'ಬಳಕೆಗೆ ಅನರ್ಹ' ಎಂಬ ಪಟ್ಟಿ ಸೇರುತ್ತದೆ. ಆಮೇಲೆ ಹೊಸ ಪುಸ್ತಕಗಳ ಖರೀದಿ ತಡವಾಗುತ್ತದೆ. ಒಂದು ವರ್ಷದಲ್ಲಿ ಪ್ರಕಟವಾದ ಪುಸ್ತಕ ಓದುಗನ ಕೈಗೆ ಬರುವಷ್ಟರಲ್ಲಿ ಅದರ ಬಗೆಗಿನ ಚರ್ಚೆಯೇ ಮುಗಿದಿರುತ್ತದೆ. ಕೊನೆಗೆ, ನಿವೃತ್ತರಾದ ಗ್ರಂಥಪಾಲಕರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ. ಒಬ್ಬರೇ ಎರಡು ಊರಿನ ಬೀಗದ ಕೈ ಇಟ್ಟುಕೊಂಡು ದಿನ ಬಿಟ್ಟು ದಿನ ಬಾಗಿಲು ತೆರೆಯುವ ಸ್ಥಿತಿ ಬರುತ್ತದೆ.

ಈ ನಾಲ್ಕು ಹಂತಗಳಲ್ಲಿ ಮೊದಲ ಮೂರು ತಿದ್ದಬಹುದಾದವು. ನಾಲ್ಕನೆಯದು ಹಾಗಲ್ಲ. ಬಾಗಿಲು ಯಾವಾಗ ತೆರೆದಿರುತ್ತದೆಂದು ಊರಿಗೆ ಖಚಿತವಿಲ್ಲದ ದಿನ ಗ್ರಂಥಾಲಯವು ರೂಢಿಯಿಂದ ಹೊರಬೀಳುತ್ತದೆ. ಸಂತೆಯ ದಿನ, ಜಾತ್ರೆಯ ತಿಥಿ, ನೀರು ಬಿಡುವ ಸರದಿ ಇವು ಊರಿನ ನೆನಪಿನಲ್ಲಿ ಉಳಿಯುವುದು ಅವು ತಪ್ಪದೆ ಬರುವುದರಿಂದ. ತಪ್ಪಿದ್ದನ್ನು ಊರು ಬೇಗ ಮರೆಯುತ್ತದೆ. ಓದುಗರು ಕಡಿಮೆಯಾದರೆಂಬ ಕಾರಣಕ್ಕೆ ಮುಂದಿನ ವರ್ಷದ ಕಡಿತಕ್ಕೆ ಸಮರ್ಥನೆಯೂ ದೊರೆಯುತ್ತದೆ. ಹೀಗೆ ಕೊರತೆಯೇ ಕೊರತೆಗೆ ಸಾಕ್ಷಿಯಾಗುತ್ತದೆ.

3. ಪರಂಪರೆಯ ಮಾದರಿಗಳು

ಪುಸ್ತಕವನ್ನು ಕಾಯುವ ಕೆಲಸಕ್ಕೆ ಕನ್ನಡ ನಾಡಿನಲ್ಲಿ ದೀರ್ಘ ಇತಿಹಾಸವಿದೆ. ಅದರಲ್ಲಿ ಮೂರು ನಿದರ್ಶನಗಳು ಪ್ರಸ್ತುತ ಚರ್ಚೆಗೆ ನೇರವಾಗಿ ಸಂಬಂಧಿಸಿವೆ.

ಒಂದನೆಯದು ಅತ್ತಿಮಬ್ಬೆಯದು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯ ಪ್ರಸಿದ್ಧ ಸಂಗತಿ. ಇದು ಶಾಸ್ತ್ರದಾನ. ಒಬ್ಬರ ಸಂಪತ್ತು, ಒಬ್ಬರ ಸಂಕಲ್ಪ, ಒಂದು ಕಾಲದ ಮಹತ್ಕಾರ್ಯ.

ಎರಡನೆಯದು ನಾಗಾವಿಯದು. ಇಂದಿನ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಈ ಊರಿನ 1058ರ ಶಾಸನವು ಕಲ್ಯಾಣ ಚಾಲುಕ್ಯರ ದಂಡನಾಯಕ ಮಧುಸೂದನನು ಸ್ಥಾಪಿಸಿದ ಘಟಿಕಾಸ್ಥಾನವನ್ನು ವಿವರಿಸುತ್ತದೆ. ಅಲ್ಲಿ ವೇದಾಧ್ಯಯನ ಮಾಡುವ 200 ಮಂದಿ, ಶಾಸ್ತ್ರಾಧ್ಯಯನ ಮಾಡುವ 52 ಮಂದಿ ವಿದ್ಯಾರ್ಥಿಗಳೊಡನೆ ಆರು ಮಂದಿ ಸರಸ್ವತೀ ಭಂಡಾರಿಗರ ಉಲ್ಲೇಖವೂ ಇದೆ. ಸರಸ್ವತೀ ಭಂಡಾರಿಗರೆಂದರೆ ಗ್ರಂಥಪಾಲಕರು. ಇವರ ಜೀವನೋಪಾಯಕ್ಕೆ ಭೂಮಿಯನ್ನು ಬಿಟ್ಟುಕೊಡಲಾಗಿತ್ತು. ಇಲ್ಲಿ ಗಮನಿಸಬೇಕಾದದ್ದು ಓಲೆಗರಿಗಳ ಸಂಖ್ಯೆಯನ್ನಲ್ಲ. ಶಾಸನವು ಅದನ್ನು ಹೇಳಲು ಹೊರಟಿಲ್ಲ. ಅದು ಹೇಳಲು ಹೊರಟಿರುವುದು ಕಾಯುವವರ ಸಂಖ್ಯೆಯನ್ನು ಮತ್ತು ಅವರ ಅನ್ನದ ಮೂಲವನ್ನು. ದಾನವು ಪುಸ್ತಕಕ್ಕಲ್ಲ, ಭಂಡಾರಿಗನಿಗೆ.

ಮೂರನೆಯದು ಜೈನ ಸಂಪ್ರದಾಯದ ಶ್ರುತಪಂಚಮಿ. ಜ್ಯೇಷ್ಠ ಶುದ್ಧ ಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸಲಾಗುತ್ತದೆ. ನವರಾತ್ರಿಯ ಸರಸ್ವತಿ ಪೂಜೆಯಲ್ಲಿ ಮನೆ ಮನೆಯ ಪುಸ್ತಕಗಳು ಇದೇ ರೀತಿ ಹೊರಬರುತ್ತವೆ. ಆಚರಣೆಯ ದೃಷ್ಟಿಯಿಂದ ಇದು ಪೂಜೆ. ಕಾರ್ಯದ ದೃಷ್ಟಿಯಿಂದ ಇದು ವಾರ್ಷಿಕ ದಾಸ್ತಾನು ತಪಾಸಣೆ. ಯಾವ ಕಟ್ಟಿಗೆ ಗೆದ್ದಲು ಹಿಡಿದಿದೆ, ಯಾವುದು ಕಾಣೆಯಾಗಿದೆ ಎಂಬುದು ಆ ದಿನ ತಾನಾಗಿ ತಿಳಿಯುತ್ತದೆ. ಕಟ್ಟಿನ ನಡುವೆ ಬೇವಿನೆಲೆ ಅಥವಾ ಬಜೆಯ ಬೇರು ಇಡುವ ರೂಢಿಯೂ ಇಂಥ ನಿಯತ ಆರೈಕೆಯ ಭಾಗವೇ. ನಿರ್ವಹಣೆಗೆ ಒಂದು ತಿಥಿಯನ್ನು ಗೊತ್ತುಪಡಿಸಿದ್ದು ಈ ಸಂಪ್ರದಾಯದ ಜಾಣತನ.

ಇವುಗಳ ಜೊತೆಗೆ ಗ್ರಾಮಜೀವನದ ಎರಡು ಪದ್ಧತಿಗಳನ್ನು ಸೇರಿಸಿಕೊಳ್ಳಬೇಕು. ಮುಯ್ಯಿ ಎಂಬುದು ಕೊಟ್ಟು ತೆಗೆದುಕೊಳ್ಳುವ ಕ್ರಮ. ಮದುವೆಯ ಮುಯ್ಯಿಯಲ್ಲಿ ಹಣ, ಮುಯ್ಯಾಳಿನಲ್ಲಿ ದುಡಿಮೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿ ಮತ್ತೆ ಹಿಂತಿರುಗುತ್ತದೆ. ಆಯ ಎಂಬುದು ಬೇರೆ. ಕಮ್ಮಾರ, ಬಡಗಿ, ನೀರುಗಂಟಿ ಮೊದಲಾದವರು ವರ್ಷವಿಡೀ ಮಾಡುವ ಸೇವೆಗೆ ಸುಗ್ಗಿಯಲ್ಲಿ ಕಣದಲ್ಲಿಯೇ ಅಳೆದು ಕೊಡುವ ಪಾಲು ಅದು. ರಾಶಿ ಮನೆ ಸೇರುವ ಮುನ್ನವೇ ಆಯ ಸಲ್ಲಬೇಕು. ನೇಗಿಲು ಎಷ್ಟು ಸಲ ಮುರಿಯಿತೆಂದು ಅಲ್ಲಿ ಲೆಕ್ಕವಿಲ್ಲ. ಮುರಿದಾಗ ಕಮ್ಮಾರನಿರಬೇಕು ಎಂಬುದೇ ಲೆಕ್ಕ. ಈ ಪದ್ಧತಿಯು ಜಾತಿಯ ಶ್ರೇಣಿಗೆ ಕಟ್ಟುಬಿದ್ದಿತ್ತು, ಆಯ ಪಡೆಯುವವನನ್ನು ಕಣದ ಅಂಚಿನಲ್ಲಿ ಕೈಯೊಡ್ಡಿ ನಿಲ್ಲಿಸುತ್ತಿತ್ತು ಎಂಬುದನ್ನು ಮರೆತು ಅದನ್ನು ಕೊಂಡಾಡುವುದು ತಪ್ಪು. ಇಲ್ಲಿ ಅದರ ತತ್ತ್ವವನ್ನು ಮಾತ್ರ ಬೇರ್ಪಡಿಸಿ ನೋಡಲಾಗಿದೆ: ಎಲ್ಲರಿಗೂ ಬೇಕಾದ, ಯಾವಾಗ ಬೇಕಾಗುವುದೋ ತಿಳಿಯದ ಸೇವೆಯನ್ನು ಎಲ್ಲರ ಮೊದಲ ಪಾಲಿನಿಂದ ಉಳಿಸಿಕೊಳ್ಳುವುದು. ಆ ಅರ್ಥದಲ್ಲಿ ಗ್ರಂಥಾಲಯ ಕರವು ಪ್ರಜಾಪ್ರಭುತ್ವದ ಆಯವೇ ಸರಿ. ಅಲ್ಲಿ ಕೈಯೊಡ್ಡುವವರಿಲ್ಲ, ಕಾಯ್ದೆಯಿದೆ.

4. ಮೂರು ಕೊಡುಗೆ, ಮೂರು ಅಗತ್ಯ

ಗ್ರಂಥಾಲಯಕ್ಕೆ ಬೇಕಾದುದು ಮೂರು: ಪುಸ್ತಕ, ಆರೈಕೆ, ಪಾಲಕ. ಮೇಲಿನ ಮೂರು ಬಗೆಯ ಕೊಡುಗೆಗಳನ್ನು ಇವುಗಳಿಗೆ ಹೊಂದಿಸಿ ನೋಡಿದರೆ ಕಡಿತದ ಕಾಲದಲ್ಲಿ ಸಮುದಾಯದ ಪಾತ್ರ ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗುತ್ತದೆ.

ಪುಸ್ತಕವು ದಾನದಿಂದ ಬರಬಲ್ಲದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಪುಸ್ತಕಗಳನ್ನು ಕೊಡುಗೆಯಾಗಿ ನೀಡುವಂತೆ ಸಾರ್ವಜನಿಕರನ್ನು ಕೋರಿದಾಗ ಒಳ್ಳೆಯ ಸ್ಪಂದನ ದೊರೆಯಿತು. ಮೈಸೂರಿನಲ್ಲಿ ಕೂಲಿ ಕೆಲಸ ಮಾಡುತ್ತಿದ್ದ ಸೈಯದ್ ಇಸಾಕ್ ಅವರು ನಡೆಸುತ್ತಿದ್ದ ಸಾರ್ವಜನಿಕ ಗ್ರಂಥಾಲಯವು 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ನಾಡಿನ ಒಳಗಿನಿಂದಲೂ ಹೊರಗಿನಿಂದಲೂ ನೆರವು ಹರಿದುಬಂದಿತು. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ 'ಪುಸ್ತಕ ಮನೆ' ಲಕ್ಷಾಂತರ ಪುಸ್ತಕಗಳನ್ನು ಹೊಂದಿದೆ. ಒಬ್ಬ ಸಾಮಾನ್ಯ ನೌಕರ ತನ್ನ ಗಳಿಕೆಯನ್ನು ಪುಸ್ತಕಕ್ಕೆ ಸುರಿದರೆ ಏನಾಗಬಲ್ಲದೆಂಬುದಕ್ಕೆ ಅದು ಸಾಕ್ಷಿ. ಕೊಡುವ ಕೈಗಳಿಗೆ ಕನ್ನಡ ಸಮಾಜದಲ್ಲಿ ಬರವಿಲ್ಲವೆಂಬುದು ಇವುಗಳಿಂದ ಸಿದ್ಧವಾಗುತ್ತದೆ.

ಆದರೆ ದಾನಕ್ಕೆ ತನ್ನದೇ ಮಿತಿಯಿದೆ. ದಾನಿಯು ತನ್ನಲ್ಲಿ ಇರುವುದನ್ನು ಕೊಡುತ್ತಾನೆ, ಓದುಗನಿಗೆ ಬೇಕಾದುದನ್ನಲ್ಲ. ಹಳೆಯ ಪಠ್ಯಪುಸ್ತಕ, ಕಾಲ ಮೀರಿದ ಕೈಪಿಡಿ, ಒಂದೇ ಕಾದಂಬರಿಯ ಹತ್ತು ಪ್ರತಿಗಳು ಸಣ್ಣ ಗ್ರಂಥಾಲಯದ ಕಪಾಟನ್ನು ತುಂಬಿದಾಗ ಜಾಗವೇ ಸಮಸ್ಯೆಯಾಗುತ್ತದೆ. ಹೀಗಾಗಿ ದಾನವನ್ನು ಸ್ವೀಕರಿಸುವ ಮುನ್ನ ಬೇಕಾದ ಪುಸ್ತಕಗಳ ಪಟ್ಟಿಯನ್ನು ಗ್ರಂಥಾಲಯದ ಬಾಗಿಲಲ್ಲಿ ಹಾಕುವುದು, ಮದುವೆ, ಗೃಹಪ್ರವೇಶ, ಹಿರಿಯರ ಪುಣ್ಯತಿಥಿಗಳಂದು ಆ ಪಟ್ಟಿಯಿಂದ ಒಂದನ್ನು ಕೊಡಿಸುವಂತೆ ಕೋರುವುದು, ಒಂದು ಪತ್ರಿಕೆಯ ವರ್ಷದ ಚಂದಾವನ್ನು ಒಂದು ಮನೆತನ ಅಥವಾ ಅಂಗಡಿ ವಹಿಸಿಕೊಳ್ಳುವಂತೆ ಮಾಡುವುದು ಹೆಚ್ಚು ಫಲಕಾರಿ. ದೇವರಿಗೆ ಒಂದು ದಿನದ ಸೇವೆ ಸಲ್ಲಿಸುವ ರೂಢಿಯುಳ್ಳ ಊರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. 'ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ' ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಆರೈಕೆಯು ಮುಯ್ಯಿಯಿಂದ ನಡೆಯಬಲ್ಲದು. ರಟ್ಟು ಕಟ್ಟುವುದು, ಪಟ್ಟಿ ಮಾಡುವುದು, ಕಪಾಟು ಒರೆಸುವುದು, ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸುವುದು ಇವು ದುಡಿಮೆಯ ಕೊಡುಗೆಗಳು. ನಿವೃತ್ತ ಶಿಕ್ಷಕರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ತರುಣರು ಈ ಕೆಲಸಕ್ಕೆ ಒದಗುತ್ತಾರೆ. ಅವರಿಗೆ ಪ್ರತಿಯಾಗಿ ಗ್ರಂಥಾಲಯವು ಓದುವ ಜಾಗವನ್ನು, ಬೇಕಾದ ಪುಸ್ತಕವನ್ನು ಕೊಡುತ್ತದೆ. ಇಂಥ ದುಡಿಮೆ ಚದುರಿಹೋಗದಂತೆ ಶ್ರುತಪಂಚಮಿಯ ಮಾದರಿಯಲ್ಲಿ ಅದಕ್ಕೊಂದು ನಿಶ್ಚಿತ ಕಾಲ ಬೇಕು. ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಆಚರಿಸುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವು ಭಾಷಣ, ಹಾರ, ಪ್ರದರ್ಶನಗಳಲ್ಲಿ ಮುಗಿಯುವ ಬದಲು ಪುಸ್ತಕಗಳನ್ನು ಹೊರತೆಗೆದು ತಪಾಸಿಸುವ ವಾರವಾಗಬಹುದು.

ಉಳಿದದ್ದು ಪಾಲಕ. ಈ ಸ್ಥಾನವನ್ನು ದಾನವೂ ತುಂಬಲಾರದು, ಮುಯ್ಯಿಯೂ ತುಂಬಲಾರದು. ಸ್ವಯಂಸೇವಕನು ತನಗೆ ಬಿಡುವಾದಾಗ ಬರುತ್ತಾನೆ. ಗ್ರಂಥಪಾಲಕನು ಓದುಗನಿಗೆ ಬಿಡುವಾದಾಗ ಇರಬೇಕು. ಯಾವ ಹುಡುಗಿ ಯಾವ ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿದ್ದಾಳೆ, ಯಾವ ರೈತ ಯಾವ ಮಾಹಿತಿಗೆ ಎರಡು ಸಲ ಬಂದು ಹೋದ ಎಂಬ ನೆನಪು ಒಬ್ಬ ವ್ಯಕ್ತಿಯಲ್ಲಿ ವರ್ಷಗಟ್ಟಲೆ ಕೂಡಿಬರಬೇಕಾದದ್ದು. ವ್ಯಕ್ತಿಗಳ ಸಾಹಸದಿಂದ ಬೆಳೆದ ಗ್ರಂಥಾಲಯಗಳಲ್ಲಿಯೂ ಕೊನೆಗೆ ಎದುರಾಗುವ ಪ್ರಶ್ನೆ ಇದೇ: ಆ ವ್ಯಕ್ತಿಯ ನಂತರ ಯಾರು? ನಾಗಾವಿಯ ಶಾಸನವು ಇದಕ್ಕೆ ಸುಮಾರು 970 ವರ್ಷಗಳ ಹಿಂದೆಯೇ ಉತ್ತರಿಸಿದೆ. ಭಂಡಾರಿಗನಿಗೆ ಬೇಕಾದದ್ದು ಮೆಚ್ಚುಗೆಯಲ್ಲ, ತಪ್ಪದ ಜೀವನಾಧಾರ. ಅದು ಆಯದಿಂದ, ಅಂದರೆ ಕರದಿಂದ ಮತ್ತು ಸರ್ಕಾರದ ವೇತನದಿಂದ ಮಾತ್ರ ಸಾಧ್ಯ.

5. ಕಳೆದುಹೋಗುವುದು ಏನು

ಈ ಚರ್ಚೆ ಜಾನಪದ ಸಂಶೋಧನೆಗೆ ಏಕೆ ಮುಖ್ಯವೆಂಬುದನ್ನು ಒಂದು ಅನುಭವದಿಂದ ಸ್ಪಷ್ಟಪಡಿಸಬಹುದು. ಸಂಶೋಧನೆಯ ಅವಧಿಯಲ್ಲಿ ಬಯಲುಸೀಮೆಯ ಒಂದು ಸಣ್ಣ ಊರಿನ ಗ್ರಂಥಾಲಯದಲ್ಲಿ ಲಾವಣಿಗಳ ಕಿರುಹೊತ್ತಗೆಗಳ ಒಂದು ಕಟ್ಟನ್ನು ಕಂಡಿದ್ದೆ. ಜಾತ್ರೆಗಳಲ್ಲಿ ಮಾರಾಟವಾಗುತ್ತಿದ್ದ, ಅಗ್ಗದ ಕಾಗದದ, ಬಹುತೇಕ ಪ್ರಕಾಶನದ ವರ್ಷವನ್ನೇ ನಮೂದಿಸದ ಹೊತ್ತಗೆಗಳವು. ಅಲ್ಲಿನ ಪಾಲಕರು ಅವನ್ನು ದಾರದಿಂದ ಕಟ್ಟಿ, ಮೇಲೆ ಊರುಗಳ ಹೆಸರು ಬರೆದು ಇಟ್ಟಿದ್ದರು. ಕೆಲವು ವರ್ಷಗಳ ಬಳಿಕ ಪುನಃ ಹೋದಾಗ ಅವರು ನಿವೃತ್ತರಾಗಿದ್ದರು, ಹುದ್ದೆ ಖಾಲಿಯಿತ್ತು, ಜಾಗದ ಅಭಾವದಿಂದ ಹರಿದ ಪುಸ್ತಕಗಳೊಡನೆ ಆ ಕಟ್ಟನ್ನೂ ರದ್ದಿಗೆ ಹಾಕಲಾಗಿತ್ತು. ಯಾರದೂ ದುರುದ್ದೇಶವಿರಲಿಲ್ಲ. ಅದು ಏನೆಂದು ಬಲ್ಲವರು ಅಲ್ಲಿ ಇರಲಿಲ್ಲ, ಅಷ್ಟೆ. ಮೊದಲ ಭೇಟಿಯಲ್ಲಿ ನಾನು ಬರೆದುಕೊಂಡದ್ದು ಕೆಲವು ಶೀರ್ಷಿಕೆಗಳನ್ನು ಮಾತ್ರ. ಪೂರ್ಣ ಪ್ರತಿ ಮಾಡಿಕೊಳ್ಳದೆ ಬಂದದ್ದು ನನ್ನ ತಪ್ಪೂ ಹೌದು.

ಪ್ರಸಿದ್ಧ ಕೃತಿಯೊಂದು ಸಣ್ಣ ಊರಿನಲ್ಲಿ ಹಾಳಾದರೆ ಬೇರೆಡೆ ಅದರ ಪ್ರತಿಗಳಿವೆ. ಈಚೆಗೆ ಅಂತರ್ಜಾಲದಲ್ಲಿಯೂ ಅದು ದೊರೆಯಬಹುದು. ಆದರೆ ಊರಿನ ಜಾತ್ರೆಯ ಸ್ಮರಣ ಸಂಚಿಕೆ, ಸ್ಥಳೀಯ ನಾಟಕ ಮಂಡಳಿಯ ಕರಪತ್ರ, ಸಣ್ಣಾಟದ ಕೈಬರಹದ ಪ್ರತಿ, ಎರಡು ವರ್ಷ ಬಾಳಿದ ತಾಲ್ಲೂಕು ಪತ್ರಿಕೆ ಇವು ಆ ಊರಿನಲ್ಲಿ ಇಲ್ಲವಾದರೆ ಎಲ್ಲಿಯೂ ಇಲ್ಲ. ಕೇಂದ್ರೀಕೃತ ಖರೀದಿಯ ಪಟ್ಟಿಯಲ್ಲಿ ಇವು ಎಂದೂ ಬರುವುದಿಲ್ಲ, ಡಿಜಿಟಲ್ ಗ್ರಂಥಾಲಯವೂ ಇವನ್ನು ತಾನಾಗಿ ಅರಸಿ ಬರುವುದಿಲ್ಲ. ಇವನ್ನು ಗುರುತಿಸಿ ಎತ್ತಿಡುವವನು ಅಲ್ಲಿಯ ಪಾಲಕನೊಬ್ಬನೇ. ಆದ್ದರಿಂದ ಪ್ರತಿ ಸಣ್ಣ ಗ್ರಂಥಾಲಯದಲ್ಲಿ 'ಊರಿನ ಕಪಾಟು' ಎಂಬ ಒಂದು ಪ್ರತ್ಯೇಕ ಸ್ಥಾನವಿರಬೇಕು. ಅದರೊಳಗಿನ ಯಾವುದನ್ನೂ ಹೊರಗಿನ ಒಬ್ಬ ತಜ್ಞರ ಪರಿಶೀಲನೆಯಿಲ್ಲದೆ ರದ್ದುಗೊಳಿಸಬಾರದು. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಈ ಕೆಲಸವನ್ನು ವಹಿಸಿಕೊಳ್ಳಬಹುದು. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಯು ಊರಿನ ಗ್ರಂಥಾಲಯದ ಕಪಾಟಿನ ಪಟ್ಟಿಯನ್ನೂ ಮಾಡಿಕೊಂಡು ಬರುವುದಕ್ಕೆ ಹೆಚ್ಚಿನ ಖರ್ಚಿಲ್ಲ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಅನುದಾನ ಕುಗ್ಗಿದ ಕಾಲದಲ್ಲಿ ಸಣ್ಣ ಊರಿನ ಗ್ರಂಥಾಲಯವನ್ನು ನಡೆಸಲು ಸಮುದಾಯದ ಕೊಡುಗೆ ಅವಶ್ಯ, ಅದಕ್ಕೆ ಪರಂಪರೆಯ ಬಲವೂ ಇದೆ. ಪುಸ್ತಕವನ್ನು ದಾನಕ್ಕೂ ಆರೈಕೆಯನ್ನು ಮುಯ್ಯಿಗೂ ಒಪ್ಪಿಸಬಹುದು. ಕೈಯಲ್ಲಿರುವ ಅಲ್ಪ ಹಣವನ್ನು ಹಂಚುವಾಗ ಪಾಲಕನ ಇರವನ್ನೂ ಬಾಗಿಲು ತೆರೆಯುವ ವೇಳೆಯನ್ನೂ ಮೊದಲು ರಕ್ಷಿಸಬೇಕು. ಕಟ್ಟಡದ ಅಲಂಕಾರ, ಯಂತ್ರೋಪಕರಣಗಳು ಆಮೇಲೆ. ಊರಿಗಷ್ಟೇ ಸೇರಿದ ಸಾಮಗ್ರಿಯನ್ನು ಬೇರೆ ಎಲ್ಲಕ್ಕಿಂತ ಮೊದಲು ಕಾಯಬೇಕು.

ಇದರೊಡನೆ ಒಂದು ಎಚ್ಚರವನ್ನೂ ಹೇಳಬೇಕು. ಊರವರ ಔದಾರ್ಯವನ್ನು ಹೊಗಳುವ ಮಾತು ಕ್ರಮೇಣ ಕರವನ್ನು ಸಲ್ಲಿಸದಿರುವುದಕ್ಕೆ ನೆಪವಾಗಬಾರದು. ಜನರು ಗ್ರಂಥಾಲಯಕ್ಕಾಗಿ ತೆರಿಗೆಯೊಡನೆ ಒಮ್ಮೆ ಕೊಟ್ಟಿದ್ದಾರೆ. ದಾನವಾಗಿ ಕೊಡುವುದು ಎರಡನೆಯ ಸಲ. ಎರಡನೆಯದಕ್ಕೆ ಕೃತಜ್ಞತೆ ಸಲ್ಲಿಸುವ ಮುನ್ನ ಮೊದಲನೆಯದರ ಲೆಕ್ಕ ಒಪ್ಪಿಸುವುದು ನ್ಯಾಯ. ತಮ್ಮ ಪುರಸಭೆ ವರ್ಷಕ್ಕೆ ಎಷ್ಟು ಗ್ರಂಥಾಲಯ ಕರ ವಸೂಲು ಮಾಡಿತು, ಎಷ್ಟನ್ನು ಸಲ್ಲಿಸಿತು ಎಂಬ ಎರಡು ಅಂಕಿಗಳನ್ನು ಗ್ರಂಥಾಲಯದ ಸೂಚನಾಫಲಕದಲ್ಲಿ ಬರೆಯುವ ರೂಢಿ ಬಂದರೆ ಉಳಿದ ಪ್ರಶ್ನೆಗಳನ್ನು ಓದುಗರೇ ಕೇಳುತ್ತಾರೆ. ಕಣದಲ್ಲಿ ಎಲ್ಲರ ಕಣ್ಣೆದುರೇ ಆಯವನ್ನು ಅಳೆಯುತ್ತಿದ್ದುದಕ್ಕೂ ಇದೇ ಕಾರಣವಿತ್ತು.